ಪುರಾವೆ ಹೆಚ್ಚಾದ ಪತ್ರ

ಅವರ ಎಡಗಿವಿಯ ಮೇಲಂಚು ಇರಲಿಲ್ಲ. ಎಳೆಯ ವಯಸ್ಸಿನಲ್ಲಿ ಹಿಮಕ್ಕೆ ಸಿಕ್ಕಿ ಉದುರಿಹೋದದ್ದು ಎಂದು ಅವರೇ ಒಮ್ಮೆ ಹೇಳಿದ್ದರು. ಮಸ್ಕತ್ತಿನ ಜೂನ್ ತಿಂಗಳಲ್ಲಿ, ಕಾರಿನ ಬಾಗಿಲನ್ನು ಬಟ್ಟೆ ಸುತ್ತಿ ತೆಗೆಯಬೇಕಾದ ಬಿಸಿಲಲ್ಲಿ, ಆ ಮಾತು ನಂಬುವಂತಿರಲಿಲ್ಲ.

ಅವರು ನಮ್ಮ ಇಂಗ್ಲಿಷ್ ದಿನಪತ್ರಿಕೆಯ ಚೀಫ್ ಸಬ್. ವರದಿಗಾರರು ಬರೆದದ್ದನ್ನು ತಿದ್ದಿ ಪುಟಕ್ಕೆ ಬಿಡುವುದು ಅವರ ಕೆಲಸ. ಹಂಗೇರಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಪಾಸ್‌ಪೋರ್ಟ್ ಪಡೆದವರು. ಧಾರವಾಡದಿಂದ ಹೋಗಿದ್ದ ನಾನು ಎಂಬತ್ತರ ದಶಕದಲ್ಲಿ ನಾಲ್ಕು ವರ್ಷ ಅವರ ಕೈಕೆಳಗೆ ದುಡಿದೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾವ ಹೆಸರು ಬರೆಯಬೇಕೆಂದು ನನಗಿನ್ನೂ ತೀರ್ಮಾನವಾಗಿಲ್ಲ.

ಕೆಂಪು ಪೆನ್ಸಿಲನ್ನು ಬ್ಲೇಡಿನಲ್ಲೇ ಚೂಪು ಮಾಡುವರು. ಊಟದಲ್ಲಿ ಒಂದು ತುಂಡು ರೊಟ್ಟಿ ಉಳಿಸಿ, ಕಾಗದದಲ್ಲಿ ಸುತ್ತಿ, ಮೇಜಿನ ಖಾನೆಯಲ್ಲಿಡುವರು. "ಈ ವಾಕ್ಯಕ್ಕೆ ಪುರಾವೆ ಎಲ್ಲಿ?" ಎಂದು ದಿನಕ್ಕೆ ಹತ್ತಾರು ಸಲ ಕೇಳುವರು. ಮರಣವಾರ್ತೆಯ ವಿಷಯದಲ್ಲಂತೂ ತೀರ ಬಿಗಿ. ಇಬ್ಬರು ಬೇರೆ ಬೇರೆಯವರು ಖಚಿತಪಡಿಸದೆ ಸತ್ತವರ ಹೆಸರು ಅಚ್ಚಿಗೆ ಹೋಗುವಂತಿರಲಿಲ್ಲ. ಪುಟ ಅಂಟಿಸುತ್ತಿದ್ದ ಉಡುಪಿಯವರೊಬ್ಬರು ಕತ್ತರಿ ಹಿಡಿದು ಕಾಯುತ್ತಾ ಗೊಣಗುವರು: "ಎಂಥ ಮಾರಾಯ್ರೆ, ಹೌದು ನಾನು ಸತ್ತದ್ದು ಅಂತ ಸತ್ತವನೇ ಬಂದು ಹೇಳ್ಬೇಕಾ ಇವರಿಗೆ?" ನಾವು ನಗುತ್ತಿದ್ದೆವು.

ಎಣ್ಣೆಯ ಬೆಲೆ ಬಿದ್ದ ವರ್ಷ ಜಾಹೀರಾತು ನಿಂತು ನಮ್ಮ ಪುಟಗಳು ಅರ್ಧವಾದವು. ಒಂದೊಂದು ವಾರ ಒಬ್ಬೊಬ್ಬರ ವೀಸಾ ರದ್ದಾಗುತ್ತಿತ್ತು. ಆ ದಿನಗಳಲ್ಲೇ ಅವರಿಗೆ ಕೆನಡಾದಿಂದ ಒಂದು ಪತ್ರ ಬಂತು. ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕಿಕೊಡುವ ಸಂಸ್ಥೆಯೊಂದು ವಿಳಾಸ ಪತ್ತೆ ಮಾಡಿತ್ತು. ಬರೆದ ಹೆಂಗಸಿಗೆ ಅರವತ್ತು ದಾಟಿತ್ತು. ನಲವತ್ತು ವರ್ಷಗಳಿಂದ ತಮ್ಮನನ್ನು ಹುಡುಕುತ್ತಿದ್ದರು. ತಮ್ಮನ ಹೆಸರು ಮತ್ತು ಹುಟ್ಟಿದ ದಿನ, ಎರಡೂ ನಮ್ಮ ಚೀಫ್ ಅವರ ಪಾಸ್‌ಪೋರ್ಟಿನಲ್ಲಿದ್ದವುಗಳೇ.

ಶುಕ್ರವಾರ ಬೆಳಿಗ್ಗೆ ಆ ಪತ್ರ ಹಿಡಿದು ಅಲ್ ಅಜೈಬಾದ ನಮ್ಮ ಮನೆಗೆ ಬಂದರು. ಹೆಂಡತಿ ಕೊಟ್ಟ ಅವಲಕ್ಕಿಯನ್ನು ಮುಟ್ಟಲಿಲ್ಲ.

"ಇವನು ನಾನಲ್ಲ. ಇವನ ಹೆಸರಲ್ಲಿ ಬದುಕಿದವನು ನಾನು," ಎಂದರು.

ಮುಂದಿನದನ್ನು ವರದಿ ಒಪ್ಪಿಸುವಂತೆ ಹೇಳಿದರು. ನಲವತ್ತನಾಲ್ಕರ ಚಳಿಗಾಲದ ಬುಡಾಪೆಸ್ಟ್. ಯೆಹೂದಿಗಳನ್ನು ಹಿಡಿದು ಕೊಲ್ಲುತ್ತಿದ್ದ ಕಾಲ. ನೆಲಮಾಳಿಗೆಯೊಂದರಲ್ಲಿ ಹನ್ನೆರಡು ವರ್ಷದ ಇಬ್ಬರು ಹುಡುಗರು ಒಂದೇ ಕಂಬಳಿಯಡಿ ಅಡಗಿದ್ದರು. ಅವರಲ್ಲೊಬ್ಬರು ನಮ್ಮ ಚೀಫ್. ಇವರಿಗೆ ತಮ್ಮವರೆಂದು ಯಾರೂ ಉಳಿದಿರಲಿಲ್ಲ. ಇನ್ನೊಬ್ಬನ ಬಳಿ ತಟಸ್ಥ ದೇಶವೊಂದರ ರಕ್ಷಣಾ ಪತ್ರವಿತ್ತು. ಅಂಥ ಪತ್ರವಿದ್ದವರನ್ನು ಕೆಲವೊಮ್ಮೆ ಬಿಡುತ್ತಿದ್ದರು. ಅವನ ಅಕ್ಕ ರೊಟ್ಟಿ ತರಲು ಹೋದವಳು ಮರಳಿರಲಿಲ್ಲ. ತಪಾಸಣೆಯ ಬೆಳಿಗ್ಗೆ ಅವನು ಜ್ವರದ ನಿದ್ದೆಯಲ್ಲಿದ್ದ. ಇವರು ಅವನ ಕೋಟು ತೊಟ್ಟು, ಜೇಬಿನಲ್ಲಿದ್ದ ಪತ್ರ ತೋರಿಸಿ ಹೊರಗೆ ಬಂದರು. ಅವನನ್ನು ಉಳಿದವರ ಜತೆ, ಹಿಡಿದವರನ್ನು ದಡದಲ್ಲಿ ನಿಲ್ಲಿಸಿ ಗುಂಡಿಕ್ಕುತ್ತಿದ್ದ ಡ್ಯಾನ್ಯೂಬ್ ನದಿಯ ಕಡೆಗೆ ನಡೆಸಿಕೊಂಡು ಹೋದದ್ದನ್ನು ಬೀದಿಯ ಈಚೆಯಿಂದ ನೋಡಿದರು. ಆಮೇಲೆ ಅನಾಥಾಲಯದವರು ಪತ್ರದಲ್ಲಿದ್ದ ಹೆಸರನ್ನೇ ಬರೆದುಕೊಂಡರು.

"ಅವನು ಸತ್ತ ಅಂತ ಅವಳಿಗೆ ತಿಳಿಯಬೇಕು. ಅವಳು ಕಾಯುವುದು ನಿಲ್ಲಬೇಕು. ನಾನು ಬರೆದಿದ್ದೇನೆ, ನೀನು ತಿದ್ದು."

"ಗೊತ್ತಾದರೆ ನಿಮ್ಮ ಪಾಸ್‌ಪೋರ್ಟು, ಕೆಲಸ?"

"ಹೋಗಲಿ. ಖಲಾಸ್."

ಬರಹ ನಾಲ್ಕು ಪುಟವಿತ್ತು. 'ಕ್ಷಮಿಸಿ' ಎಂಬುದು ಏಳು ಕಡೆ ಬಂದಿತ್ತು, ಆರನ್ನು ಹೊಡೆದುಹಾಕಿದೆ. ನಂತರ ಅವರು ನಮಗೆ ಹಾಕುತ್ತಿದ್ದ ಪ್ರಶ್ನೆಯನ್ನೇ ಅವರಿಗೆ ಹಾಕಿದೆ: ನೀವು ಆ ಹುಡುಗನ ಜತೆಗಿದ್ದಿರಿ ಎಂಬುದಕ್ಕೆ ಪುರಾವೆ ಎಲ್ಲಿ? ಹುಡುಗ ಕಂಬಳಿಯಡಿ ತನ್ನ ಮನೆಯ ಮಾತಾಡುತ್ತಿದ್ದನಂತೆ. ಅಡುಗೆಮನೆಗೆ ಹಸಿರು ಬಾಗಿಲು. ಅಪ್ಪ ಊಟಕ್ಕೆ ಕೂರುವ ಮುಂಚೆ ಕೈಗಡಿಯಾರ ಬಿಚ್ಚಿ ಖಾಲಿ ಬಟ್ಟಲಿನಲ್ಲಿಡುತ್ತಿದ್ದ. ಅಕ್ಕ ಅವನನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ಮೂರನ್ನೂ ಸೇರಿಸಿದೆವು. ಇನ್ನು ಈ ಪತ್ರವನ್ನು ಯಾರೂ ಅಲ್ಲಗಳೆಯಲಾರರು ಎಂದುಕೊಂಡೆವು. ಆ ಪುರಾವೆಗೆ ಇನ್ನೊಂದು ಅರ್ಥವೂ ಇದೆಯೆಂದು ಸುದ್ದಿಮನೆಯಲ್ಲಿ ಕೂದಲು ಹಣ್ಣಾದ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಐದು ವಾರಕ್ಕೆ ಉತ್ತರ ಬಂತು.

"ಗುಬ್ಬೀ, ಹಸಿರು ಬಾಗಿಲು ನಿನಗಲ್ಲದೆ ಇನ್ನಾರಿಗೆ ಗೊತ್ತು? ರೊಟ್ಟಿ ತರುತ್ತೇನೆಂದು ಹೋದವಳು ಬರಲಿಲ್ಲ ಅಂತ ಇನ್ನೂ ಸಿಟ್ಟೇ? ಬೀದಿಯ ತುದಿಯಲ್ಲಿ ಬಂದೂಕಿನವರನ್ನು ಕಂಡು ನಾನು ಓಡಿಹೋದೆ. ನಿನ್ನ ಪಾಲಿಗೆ ನಾನು ಸತ್ತೆ ಅನ್ನು, ತಾಳಿಕೊಳ್ಳುತ್ತೇನೆ. ನೀನು ಸತ್ತೆ ಅನ್ನಬೇಡ."

ಅವರು ಮತ್ತೆ ಬರೆದರು. ಫೋಟೋ ಕಳಿಸಿದರು. ಹಣೆ ಅಪ್ಪನದೇ ಎಂದು ಉತ್ತರ ಬಂತು. ಇನ್ನೂ ಎರಡು ಸಲ ಬರೆದರು. ಇವರು ಅಲ್ಲ ಎಂದಷ್ಟೂ ಆಕೆ ಹೊಸದಾಗಿ ಕ್ಷಮೆ ಕೇಳಿದರು. ಕೊನೆಗೆ ಇವರು ಬರೆಯುವುದನ್ನು ಬಿಟ್ಟರು.

"ಅವಳ ತಮ್ಮನನ್ನು ಕಿತ್ತುಕೊಂಡೆ," ಎಂದರು ಒಂದು ಮಧ್ಯಾಹ್ನ, ಪ್ರೂಫಿನಿಂದ ತಲೆಯೆತ್ತದೆ. "ಈಗ ಅವನ ಸಾವನ್ನಾದರೂ ಕೊಡೋಣವೆಂದರೆ ಆಗುತ್ತಿಲ್ಲ."

ಚಳಿಗಾಲದ ಹೊತ್ತಿಗೆ ಕಚೇರಿಯಿಂದ ಅವರಿಗೂ ನೋಟಿಸು ಬಂತು. ಅದರ ಅವಧಿ ಮುಗಿಯುವ ಮುಂಚೆಯೇ ಎದೆನೋವೆಂದು ಆಸ್ಪತ್ರೆ ಸೇರಿದರು. ನಾನು ನೋಡಲು ಹೋದಾಗ ಎರಡೇ ಮಾತು ಹೇಳಿದರು: "ನನ್ನ ಗೋರಿಯ ಮೇಲೆ ಅವನ ಹೆಸರು ಬೇಡ. ಅವಳನ್ನು ನಂಬಿಸು." ಮೂರನೆಯ ದಿನ ತೀರಿಕೊಂಡರು.

ಪರದೇಶದವರ ಸ್ಮಶಾನದಲ್ಲಿ ಹೂಳಲು ಪಾಸ್‌ಪೋರ್ಟಿನ ಹೆಸರೇ ಬೇಕಿತ್ತು. ನಾನು ಗುಮಾಸ್ತನ ಮುಂದೆ ತಡವರಿಸುತ್ತಿದ್ದೆ. ಏನೂ ತಿಳಿಯದ ಉಡುಪಿಯವರು, "ಇರುವುದು ಒಂದೇ ಕಾಗದ ಅಲ್ವಾ? ಅದರಲ್ಲಿ ಉಂಟಲ್ಲ ಹೆಸರು, ಬರೆಸಿ ಮಾರಾಯ್ರೆ," ಎಂದರು. ಬರೆಸಿದೆ.

ಪತ್ರ ನಿಂತದ್ದಕ್ಕೆ ಗಾಬರಿಯಾಗಿ ಆ ಅಕ್ಕ ಕಚೇರಿಗೆ ತಂತಿ ಕಳಿಸಿದರು: ನನ್ನ ತಮ್ಮ ಹೇಗಿದ್ದಾನೆ? ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲವನ್ನೂ ಮತ್ತೆ ಮೊದಲಿಂದ ಬರೆಯಲು ಕೂತೆ. ಹೆಂಡತಿ ಪಕ್ಕದಲ್ಲಿ ನಿಂತಳು.

"ಅಕಿ ಪಾಲಿಗೆ ಅಂವ ಈಗ ಸತ್ತಾನ್ರೀ. ನೀವು ನಲವತ್ತ ವರ್ಷ ಹಿಂದ ಒಯ್ದು ಮತ್ತೊಮ್ಮೆ ಕೊಲ್ಲಬ್ಯಾಡ್ರಿ."

"ಅವರು ಹೇಳಿ ಹೋಗ್ಯಾರ."

"ಹೇಳಿದವರು ಹೋದ್ರು. ಕೇಳಾಕಿ ಇನ್ನೂ ಬದುಕ್ಯಾಳ."

ಒಂದು ವಾಕ್ಯ ಬರೆಯುವ ಮುನ್ನ ಎರಡು ಸಲ ವಿಚಾರಿಸುವುದನ್ನು ನನಗೆ ಕಲಿಸಿದವರು ಅವರು. ಆ ಋಣದಲ್ಲೇ ಮುಂದಿನ ಮೂವತ್ತು ವರ್ಷ ಪತ್ರಿಕೆಗಳಲ್ಲಿ ಅನ್ನ ತಿಂದಿದ್ದೇನೆ. ಅಂದು ಮಾತ್ರ ಸುಳ್ಳೆಂದು ತಿಳಿದೂ ಬರೆದೆ: ನಿಮ್ಮ ತಮ್ಮ ನೋವಿಲ್ಲದೆ ತೀರಿಕೊಂಡರು, ಕೊನೆಯವರೆಗೂ ನಿಮ್ಮ ಮಾತೇ ಆಡುತ್ತಿದ್ದರು.

ಆಕೆ ದಿನಾಂಕ ಕೇಳಿ ಬರೆದರು. ಆ ದಿನ ಪ್ರತಿ ವರ್ಷ ದೀಪ ಹಚ್ಚುವ ಪದ್ಧತಿ ಅವರಲ್ಲಿದೆಯಂತೆ. ಕಳಿಸಿದೆ. ತಮ್ಮ ಸಿಕ್ಕಿದನೆಂದು ಆ ಸಂಸ್ಥೆಗೂ ತಿಳಿಸಿದ್ದಾಗಿ, ಕಡತ ಮುಚ್ಚಿಸಿದ್ದಾಗಿ ಕೃತಜ್ಞತೆಯಿಂದ ಉತ್ತರಿಸಿದರು.

ನದಿಯ ಕಡೆಗೆ ನಡೆದ ಹುಡುಗನನ್ನು ಈಗ ಯಾರೂ ಹುಡುಕುತ್ತಿಲ್ಲ.