ಇನಾಯತ್ ಸಾಹೇಬರ ಖಾಲಿ ಪುಟಗಳು

ಗಿರಾಕಿ ಯಾರಾದರೂ ತಮ್ಮ ಕಂಪ್ಯೂಟರಿನ ಮುಂದೆ ಕುಳಿತರೆ ಇನಾಯತ್ ಸಾಹೇಬರು ಮೊದಲು ಎಂಟರ್ ಕೀ ಮೇಲೆ ಅಂಗೈ ಇಡುತ್ತಿದ್ದರು, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಡಿಟಿಪಿ ಅಂಗಡಿ. ಮದುವೆಯ ಪತ್ರಿಕೆ, ಉರ್ದು ಕವನ, ಕನ್ನಡದ ಪ್ರಬಂಧ, ತಮಿಳು ಪ್ರಾರ್ಥನೆ ಎಲ್ಲವೂ ಅಲ್ಲಿ ಪುಟಗಳಾಗುತ್ತಿದ್ದವು. ಮಧ್ಯಾಹ್ನದ ಬಿಸಿಲು ಕಿಟಕಿಯ ಹಸಿರು ಗಾಜಿನಿಂದ ಇಳಿದು ಕೋಣೆಯೆಲ್ಲ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು. ಕೆಳಗಿನ ಹೊಲಿಗೆ ಯಂತ್ರದ ನಡುಕ ನೆಲದಿಂದ ಅಂಗಾಲಿಗೆ ತಾಗುತ್ತಿತ್ತು. ಅಲ್ಲಿ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ನಾನು ಹೋಗಿದ್ದು ಅವ್ವನ ಹಾಡುಗಳ ಪುಸ್ತಕವನ್ನು ಒಂದಿಷ್ಟು ಪ್ರತಿ ಮಾಡಿಸಲು. ನಾವು ರಾಯಚೂರು ಕಡೆಯವರು, ಕಗ್ಗದಾಸಪುರದ ಬಾಡಿಗೆ ಕೋಣೆಗೆ ಬಂದು ವರ್ಷಗಳೇ ಆಗಿದ್ದವು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಲೇ ಅವ್ವ ನನ್ನ ಹಳೆಯ ಶಾಲಾಪುಸ್ತಕಗಳಿಂದ ಅಕ್ಷರ ಕಲಿತಿದ್ದಳು. ಅವಳು ಹಾಡುತ್ತಿದ್ದ ಬೀಸುವ ಪದಗಳನ್ನು ನಾನು ಇಂದಿರಾನಗರದ ಕ್ಲಿನಿಕ್ಕಿನ ಕೆಲಸದ ಬಿಡುವಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಅಷ್ಟರಲ್ಲಿ ಅವಳ ಕಣ್ಣು ಮಂಜಾಗತೊಡಗಿತು. ಇನ್ನು ಕೆಲವು ತಿಂಗಳು, ಆಮೇಲೆ ಅಕ್ಷರ ಕಾಣುವುದಿಲ್ಲ ಎಂದುಬಿಟ್ಟರು ಡಾಕ್ಟರು. ತನ್ನ ಹಾಡನ್ನು ತಾನೇ ಒಮ್ಮೆ ಓದಬೇಕು, ಅಷ್ಟೇ ಅವ್ವನ ಆಸೆ.

ಸಾಹೇಬರು ನನ್ನ ಫೈಲು ತೆರೆದು, ಅಡಗಿದ ಗುರುತುಗಳನ್ನು ತೋರಿಸುವ ಗುಂಡಿ ಒತ್ತಿದರು. ಪ್ರತಿ ಹಾಡಿನ ಕೆಳಗೂ ಇರುವೆ ಸಾಲಿನಂತೆ ಎಂಟರ್ ಗುರುತುಗಳು. ಮುಂದಿನ ಹಾಡು ಹೊಸ ಪುಟಕ್ಕೆ ಹೋಗಲಿ ಎಂದು ನಾನು ಒತ್ತಿದ್ದೇ ಒತ್ತಿದ್ದು.

"ಅರೆ ಬೇಟಿ, ಪುಟಾನ ತಳ್ಕೊಂಡು ಹೋಗಿದ್ದೀರಲ್ಲ!" ಎಂದರು. "ಮೇಲೆ ಒಂದು ಸಾಲು ಸೇರಿದ್ರೆ ಕೆಳಗಿಂದೆಲ್ಲ ಜಾರ್ಕೊಂಡು ಹೋಗುತ್ತೆ. ನೋಡಿ, ಕಂಟ್ರೋಲ್ ಹಿಡಿದು ಎಂಟರ್, ಒಂದೇ ಸಲ. ಪುಟ ಅಲ್ಲೇ ಮುರೀತು. ಇನ್ನು ಮೇಲೆ ಏನೇ ಆಗ್ಲಿ, ಈ ಹಾಡು ತನ್ನ ಮನೇಲೇ ಇರುತ್ತೆ."

ಪ್ರತಿ ಹಾಡೂ ಬಲಗಡೆಯ ಪುಟದಲ್ಲೇ ಶುರುವಾಗಬೇಕೆಂಬುದು ಅವರ ಹಟ. ಅದರಿಂದ ಎಡಕ್ಕೆ ಅಲ್ಲಲ್ಲಿ ಖಾಲಿ ಪುಟ ಉಳಿಯುತ್ತಿತ್ತು. ನೋಡಿದವರು ಪ್ರಿಂಟು ತಪ್ಪಿದೆ ಅಂದುಕೊಳ್ಳುತ್ತಾರೆ, ತೆಗೆದುಹಾಕಿ ಎಂದೆ ನಾನು.

"ಖಾಲಿ ಪುಟ ಎರಡು ಥರ ಬೇಟಿ. ನಾವೇ ಕರೆದು ಕೂರ್ಸಿದ್ದು ಒಂದು, ಕರೀದೇ ಬಂದು ಕೂತಿದ್ದು ಒಂದು. ಕರೀದೇ ಬಂದಿದ್ದನ್ನ ಓಡಿಸ್ತೀನಿ. ಕರೆದವರನ್ನ ಎದ್ದೇಳಿ ಅನ್ನೋಕಾಗುತ್ತಾ?"

ಓಡಿಸುವುದೂ ಅವರಿಗೆ ಒಂದು ಹಬ್ಬವೇ. ಫೈಲಿನ ಕೊನೆಯಲ್ಲಿ ಎಲ್ಲಿಂದಲೋ ನುಸುಳಿದ್ದ ಪುಟವನ್ನು ಹಿಡಿದು, ಅದರ ಮೂಲೆಯಲ್ಲಿದ್ದ ಒಂಟಿ ಗುರುತನ್ನು ಅಳಿಸಿ, ಆ ಖುಷಿಗೆ ಇಬ್ಬರಿಗೂ ಸುಲೈಮಾನಿ ಚಹಾ ತರಿಸಿದರು. ನನಗೋ ತಳಮಳ.

"ಅವ್ವನ ಕಣ್ಣು ಇಷ್ಟೆಲ್ಲ ಕಾಯೋದಿಲ್ಲ ಸಾಹೇಬ್ರೇ," ಎಂದು ಒಂದು ದಿನ ಸಿಡುಕಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಎಷ್ಟು ದೊಡ್ಡ ಅಕ್ಷರ ಕಾಣುತ್ತೆ ಅವರಿಗೆ?" ಎಂದಷ್ಟೇ ಕೇಳಿದರು. ಗೋಡೆಯ ಮೇಲಿದ್ದ ಮದುವೆಯ ಪತ್ರಿಕೆಯ ತಲೆಬರಹವನ್ನು ತೋರಿಸಿದೆ.

ಮುಂದಿನ ವಾರ ಪ್ರತಿಗಳ ಕಟ್ಟಿನ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕವನ್ನೂ ಕೊಟ್ಟರು. ಅವ್ವನಿಗೆಂದೇ ಒಂದೇ ಒಂದು ಪ್ರತಿ. ಒಂದೊಂದು ಅಕ್ಷರವೂ ಹೆಬ್ಬೆರಳಿನ ಉಗುರಿನಷ್ಟು. ಅಕ್ಷರ ದೊಡ್ಡದಾದರೆ ಸಾಲು ಬೆಳೆಯುತ್ತದೆ, ನುಡಿಯ ನಡುವೆಯೇ ಪುಟ ಮುರಿಯುತ್ತದೆ. ಅದಕ್ಕೇ ಪ್ರತಿ ಪುಟವನ್ನೂ ಮತ್ತೆ ಕೂತು ಹೊಂದಿಸಿ, ತಾವೇ ಪ್ರಿಂಟು ತೆಗೆದು, ತಾವೇ ಸೂಜಿ ಹಿಡಿದು ಹೊಲಿದಿದ್ದರು. ನಾನು ಕೇಳಿಯೇ ಇರಲಿಲ್ಲ. ಸಿಡುಕಿದ್ದಕ್ಕೆ ನಾಚಿಕೆಯಾಗಿ, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ.

ಮನೆಯಲ್ಲಿ ತೆರೆದು ನೋಡಿದರೆ ಕೊನೆಯ ಹಾಡು ಮೊದಲು ಬಂತು. ಆ ವಾರವೆಲ್ಲ ಉರ್ದು ಪುಸ್ತಕ ಹೊಲಿದಿದ್ದ ಕೈ ಇದನ್ನೂ ಬಲಬದಿಗೇ ಹೊಲಿದುಬಿಟ್ಟಿತ್ತು. ಉರ್ದುವಿನ ಹಾಗೆ ಹಿಂದಿನಿಂದ ತೆರೆಯಬೇಕಿತ್ತು ನನ್ನ ಅವ್ವನ ಕನ್ನಡದ ಪುಸ್ತಕ! ಫೋನಿನಲ್ಲಿ ಹೇಳಿದಾಗ ಸಾಹೇಬರು ನಮ್ಮ ಮನೆಯ ವಿಳಾಸ ಕೇಳಿದರು.

ಮರುದಿನ ಎರಡು ಬಸ್ಸು ಬದಲಿಸಿ, ನಮ್ಮ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಅವರೇ ಬಂದರು.

"ನಲವತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿಲ್ಲ ಅಮ್ಮಾ. ಕೊಡಿ, ಬಿಚ್ಚಿ ಹೊಲ್ಕೊಂಡು ಬರ್ತೀನಿ. ನಾಲ್ಕೇ ದಿನ."

ಅವ್ವ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ನಾಕು ದಿನದಾಗ ನನ್ನ ಕಣ್ಣು ಏನಾಗ್ತಾವೋ ಯಾರಿಗೆ ಗೊತ್ರಿ? ಕೊಡಂಗಿಲ್ಲ. ಇದ ಛಲೋ ಐತಿ, ಕುಂದರ್ರಿ."

ಓದತೊಡಗಿದಳು. ಒಂದೊಂದೇ ಅಕ್ಷರ ಕೂಡಿಸಿ, ಬೆರಳಿಟ್ಟು. ಹಾಳೆ ಯಾವ ಕಡೆ ತಿರುವಬೇಕೆಂದು ಅವಳಿಗೆ ಗೊಂದಲವಾದಾಗ ಸಾಹೇಬರು ಪಕ್ಕದಲ್ಲಿ ಕೂತು ತಾವೇ ತಿರುವಿದರು. ಅವರ ಕೈಗೆ ಯಾವ ತಡವರಿಕೆಯೂ ಇರಲಿಲ್ಲ. ಖಾಲಿ ಪುಟ ಬಂದಲ್ಲಿ ಅವ್ವ ಕಣ್ಣು ಮುಚ್ಚಿ ದಣಿವಾರಿಸಿಕೊಳ್ಳುತ್ತಿದ್ದಳು, ಅವರು ಕೈ ಕಟ್ಟಿ ಕಾಯುತ್ತಿದ್ದರು. ಎಷ್ಟೋ ಕಡೆ ಓದು ಮರೆತು ಹಾಡೇ ಬಂದುಬಿಡುತ್ತಿತ್ತು. ದೂರದಲ್ಲಿ ಬೈಯಪ್ಪನಹಳ್ಳಿಯ ರೈಲಿನ ಕೂಗು ಕೇಳಿಸಿತು. ಬಾಗಿಲ ಬೆಳಕು ಹಳದಿಯಾಗಿ, ಆಮೇಲೆ ಕೆಂಪಾಗಿ, ಅವರಿಬ್ಬರ ಮೊಣಕಾಲಿನ ಮೇಲೆ ನಿಂತಿತ್ತು. ಕೊನೆಯ ಹಾಡಿನ ಕೊನೆಯ ಸಾಲಿನವರೆಗೂ ಅವ್ವ ತಾನೇ ಓದಿದಳು. ಅಂಥ ಸಂತೋಷವನ್ನು ನಮ್ಮ ಕೋಣೆ ಮತ್ತೆ ಕಂಡಿಲ್ಲ.

ಹೊರಡುವಾಗ ಮೆಟ್ಟಿಲ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, "ಅವರು ಮಲಗಿದಾಗ ತಂದುಕೊಡಿ ಬೇಟಿ, ಸರಿ ಮಾಡ್ಬಿಡ್ತೀನಿ. ನನ್ನ ಹೆಸರಲ್ಲಿ ಇದು ಹೀಗೆ ಉಳೀಬಾರ್ದು," ಎಂದರು. ಆಯಿತು ಎಂದೆ. ಆದರೆ ಅವ್ವ ಮಲಗುವಾಗಲೂ ಅದನ್ನು ತಲೆದಿಂಬಿನ ಕೆಳಗೇ ಇಟ್ಟುಕೊಳ್ಳುತ್ತಿದ್ದಳು. ನಾನು ಒಯ್ಯಲಿಲ್ಲ.

ಈಗ ಅವ್ವನಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಹೋದ ತಿಂಗಳು ಆ ಗಲ್ಲಿಗೆ ಹೋಗಿದ್ದೆ. ಮಹಡಿಯ ಬಾಗಿಲಿಗೆ ಬೀಗ. ಸಾಹೇಬರು ರಂಜಾನ್ ಮುಗಿದ ಮರುವಾರ ತೀರಿಕೊಂಡರು ಎಂದರು ಕೆಳಗಿನ ಟೈಲರ್. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು, ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಸರಿ ಮಾಡಿ ಕೊಡ್ತೀನಂತ ಅಷ್ಟು ದೂರ ಬಂದಿದ್ರು," ಎಂದಳು. "ಈಗ ಬಂದು ಕೇಳಿದ್ರ ಕೊಡ್ತಿದ್ನಲ್ಲವ್ವ."