ತಡವಾಗಿ ಬಂದ ಅಭ್ಯರ್ಥಿ, ನನ್ನ ಡ್ರೈವಿಂಗ್ ಟೆಸ್ಟ್

ಸ್ಯಾನ್ ಡಿಯಾಗೊದಲ್ಲಿ ಎರಡನೇ ಸಲ ಡ್ರೈವಿಂಗ್ ಟೆಸ್ಟ್‌ಗೆ ಹೋಗಿದ್ದೆ. ಮೊದಲ ಸಲ ಫೇಲಾಗಿದ್ದೆ. ಪಕ್ಕದ ಸೀಟಿನಲ್ಲಿ ಬಿಳಿ ಮೀಸೆಯ ಪರೀಕ್ಷಕರು. ಕಾರ್ ಸ್ಟಾರ್ಟ್ ಮಾಡುತ್ತಿದ್ದಂತೆ ರೇಡಿಯೊದಲ್ಲಿ ಸುದ್ದಿ ಬಂತು: ಅಮೆರಿಕದ ಅಧ್ಯಕ್ಷ ಚುನಾವಣೆಗೆ ಕನ್ಸರ್ವೇಟಿವ್ ಬಣದಿಂದ ಇನ್ನೊಬ್ಬರು ಕಣಕ್ಕಿಳಿದಿದ್ದಾರೆ, ಎಲ್ಲರಿಗಿಂತ ತಡವಾಗಿ.

ಗಡಬಡಿಸಿ ರೇಡಿಯೊ ಆಫ್ ಮಾಡಿದೆ.

“ಈತ ಗೆಲ್ಲಬಹುದಾ? ನಿಮಗೇನನ್ನಿಸುತ್ತೆ?” ಎಂದು ಅವರು ಕೇಳಿದರು.

ಇದೂ ಟೆಸ್ಟಿನ ಭಾಗವೇನೋ ಎಂದುಕೊಂಡು ಮನಸ್ಸಿನಲ್ಲಿದ್ದದ್ದನ್ನೇ ಹೇಳಿಬಿಟ್ಟೆ. “ಕಷ್ಟ ಸರ್. ಉಳಿದವರು ತಿಂಗಳುಗಟ್ಟಲೆ ಊರೂರು ಸುತ್ತಿ ಜನರನ್ನು ಹಿಡಿದಿಟ್ಟುಕೊಂಡಿದ್ದಾರೆ. ಪಂಕ್ತಿ ಎದ್ದ ಮೇಲೆ ಬಂದವರಿಗೆ ಸ್ವೀಟ್ ಎಲ್ಲಿ ಉಳಿದಿರುತ್ತೆ?”

ಅವರು ಹಾಳೆಯ ಮೇಲೆ ಏನೋ ಗೀಚಿದರು. ಸಿಗ್ನಲ್‌ನಲ್ಲಿ ನಿಂತಾಗ ಮೆಲ್ಲಗೆ ಅಂದರು, “ಆತ ನಿಲ್ಲಲಿ ಅಂತ ನಾನು ಒಂದು ವರ್ಷದಿಂದ ಕಾಯುತ್ತಿದ್ದೆ.”

ನನ್ನ ಲೈಸೆನ್ಸ್ ಕೈತಪ್ಪಿತು ಅಂದುಕೊಂಡೆ. ಆಮೇಲೆ ಕಣ್ಣನ್ನು ಎದುರಿನ ರಸ್ತೆಯ ಮೇಲಷ್ಟೇ ನೆಟ್ಟು ಡ್ರೈವ್ ಮಾಡಿದೆ.

ವಾಪಸ್ ಬಂದು ಕಾರ್ ನಿಲ್ಲಿಸಿದಾಗ ಅವರು ನಕ್ಕುಬಿಟ್ಟರು. “ನೀವು ಪಾಸ್. ನನ್ನ ಹೆಂಡತಿಯೂ ಇದನ್ನೇ ಹೇಳಿದ್ದಳು. ಆದರೆ ಲೇನ್ ಬದಲಿಸುವಾಗ ಸ್ವಲ್ಪ ತಿರುಗಿ ನೋಡಿ.”

ಆ ಅಭ್ಯರ್ಥಿ ಕೆಲವೇ ವಾರಗಳಲ್ಲಿ ಹಿಂದೆ ಸರಿದ. ಸುದ್ದಿ ಕೇಳಿ ನನಗೆ ಪರೀಕ್ಷಕರನ್ನು ನೆನೆದು ಪಾಪ ಅನ್ನಿಸಿತು. ಈ ದೇಶದಲ್ಲಿ ನನಗೆ ವೋಟೇ ಇಲ್ಲ. ಆದರೂ ರಾಜಕೀಯದ ಬಗ್ಗೆ ನನ್ನ ಅಭಿಪ್ರಾಯ ಕೇಳಿದವರು ಇವತ್ತಿಗೂ ಅವರೊಬ್ಬರೇ.