ನಾಲ್ಕನೆಯ ಮನೆಯ ಕೆಂಪು ಚುಕ್ಕೆ

ನಮ್ಮ ಸೋದರಮಾವ ಹಾಲೇಶನ ಬಳಿ ಎಂಬತ್ತು ಕುರಿಗಳೂ ಒಂದು ಗಿಟಾರೂ ಇವೆ. ಕುರಿಗಳು ಅಜ್ಜನ ಕಾಲದಿಂದ ಬಂದವು. ಗಿಟಾರು ನಿಪ್ಪಾಣಿಯಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದ್ದು. ಕುರಿ ಮೇಯುವಾಗ ಬೇವಿನ ನೆರಳಿನಲ್ಲಿ ಕುಳಿತು, ಮೊಬೈಲ್ ನೋಡಿ ಮಾಮಾ ಅದನ್ನು ಕಲಿತ.

ಅವನು ಭಾವುಸಾಹೇಬರ ಭಜನಾ ಮೇಳದಲ್ಲಿ ಬಾರಿಸುತ್ತಾನೆ. ನಾನು ತಾಳ ಹಾಕುತ್ತೇನೆ. ಭಾವುಸಾಹೇಬರು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತ ಹಾಡುವವರು. ಒಂದು ನುಡಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವನ್ನು ಗಿಟಾರು ತುಂಬಬೇಕು. ಮೊದಲು ಮಾಮಾ ಬಾಯಿಪಾಠ ಮಾಡಿದ್ದನ್ನೇ ಬಾರಿಸುತ್ತಿದ್ದ. ಭಾವುಸಾಹೇಬರು ಬಿಡುವನ್ನು ಒಮ್ಮೆ ಉದ್ದ ಬಿಡುತ್ತಾರೆ, ಒಮ್ಮೆ ಗಿಡ್ಡ. ಹಾಗಾಗಿ ಬಾಯಿಪಾಠ ಅರ್ಧಕ್ಕೇ ತುಂಡಾಗುತ್ತಿತ್ತು.

“ನಿಂತ ಜಾಗಾದಾಗ ಕಟ್ಟಿ ಬಾರಸಾಕ ಬರಬೇಕಪಾ,” ಎಂದರು ಭಾವುಸಾಹೇಬರು. “ಹಾರೂಗೇರಿ ಕೀಪ್ಯಾಡ ಬಾರಸಾಂವ ನಿನ್ನ ಜಾಗಾಕ್ಕ ತಯಾರ ಅದಾನ. ಬೇಡಕಿಹಾಳದ ಕಾರ್ಯಕ್ರಮದಾಗ ಒಂದ ಸಲಾ ತಪ್ಪಿದ್ರ ಮಾಫ್. ಎರಡನೇ ಸಲಾ ತಪ್ಪಿದ್ರ ಗಿಟಾರ ಚೀಲದಾಗ.”

“ಹೂಂನ್ರಿ,” ಎಂದ ಮಾಮಾ. ಅಂದಿನಿಂದ ಸ್ಕೇಲ್ ಹಿಡಿದು ಕುಳಿತ.

ಐದೇ ಸ್ವರದ ಸ್ಕೇಲು: ಸ ರಿ ಗ ಪ ಧ. ಅದರೊಳಗೆ ಹೇಗೆ ಓಡಾಡಿದರೂ ಹಾಡಿಗೆ ಹೊಂದುತ್ತದೆ. ಗಿಟಾರಿನ ಕತ್ತಿನಲ್ಲಿ ಎರಡು ಅಡ್ಡ ತಂತಿಗಳ ನಡುವಿನ ಜಾಗಕ್ಕೆ ಮಾಮಾ ‘ಮನೆ’ ಎನ್ನುತ್ತಾನೆ. ಭಾವುಸಾಹೇಬರು ಯಾವಾಗಲೂ ಕರಿ ಎರಡರಲ್ಲಿ ಹಾಡುತ್ತಾರೆ, ಅಂದರೆ ಪೇಟಿಯ ಎರಡನೆಯ ಕಪ್ಪು ಪಟ್ಟಿಯೇ ಅವರ ‘ಸ’. ಗಿಟಾರಿನ ಎರಡನೆಯ ತಂತಿಯಲ್ಲಿ ಅದು ನಾಲ್ಕನೆಯ ಮನೆ. ಅಲ್ಲಿಂದ ಒಂದು ಮನೆ ಬಿಟ್ಟು ರಿ, ಒಂದು ಬಿಟ್ಟು ಗ, ಎರಡು ಬಿಟ್ಟು ಪ, ಒಂದು ಬಿಟ್ಟು ಧ. ಇದನ್ನು ಗಿಟಾರ್ ಮುಂದಿಟ್ಟುಕೊಂಡು, ಮೂರು ಸಲ ಎಣಿಸಿ ಬರೆದಿದ್ದೇನೆ.

ಬೇರೆಯವರ ಹಿಂಡಿನಲ್ಲಿ ಬೆರೆಯದಿರಲೆಂದು ಕುರಿಗಳ ಬೆನ್ನಿಗೆ ಬಣ್ಣ ಹಚ್ಚುತ್ತೇವಲ್ಲ, ಅದೇ ಬಣ್ಣವನ್ನು ಮಾಮಾ ಗಿಟಾರಿಗೂ ಹಚ್ಚಿದ. ‘ಸ’ಕ್ಕೆ ಕೆಂಪು ಚುಕ್ಕೆ, ಉಳಿದವಕ್ಕೆ ಹಸಿರು. ಎರಡು ತಿಂಗಳು ಆ ಚುಕ್ಕೆಗಳ ಮೇಲೇ ಬೆರಳು ಓಡಾಡಿದವು.

ಬೇಡಕಿಹಾಳದಲ್ಲಿ ರಾವಸಾಹೇಬ ಎಂಬ ಕಬ್ಬಿನ ರೈತರ ಹೊಸ ಮನೆಯ ವಾಸ್ತುಶಾಂತಿ. ಅವರ ಹೊಲದಲ್ಲಿ ಆ ವಾರ ನಮ್ಮದೇ ಕುರಿ ತರುಬಿದ್ದೆವು. ಗೊಬ್ಬರವಾಗಲೆಂದು ಹಿಂಡನ್ನು ರಾತ್ರಿ ಹೊಲದಲ್ಲಿ ಬಲೆ ಕಟ್ಟಿ ನಿಲ್ಲಿಸುವುದು ಅದು.

ಮಧ್ಯಾಹ್ನ ಪೆಂಡಾಲಿನಲ್ಲಿ ಭಾವುಸಾಹೇಬರು ಗಿಟಾರ್ ನೋಡಿ ನಕ್ಕರು. “ಏನಲೇ ಹಾಲೇಶ, ಗಿಟಾರಿಗೂ ಗುರ್ತ ಹಾಕೀದಿ? ಹಿಂಡ ಬಿಟ್ಟ ಹೋಗ್ತೇತೇನ?”

“ನಿಮ್ಮ ಪೇಟಿ ಜೋಡಿ ಓಡಿಹೋದೀತಂತ ಹಾಕೇನ್ರಿ.”

ಹಾಡು ಶುರುವಾಯಿತು. ಮೊದಲ ಬಿಡುವಿನಲ್ಲಿ ಮಾಮಾ ಕೆಂಪು ಚುಕ್ಕೆಯಿಂದ ಹೊರಟ. ಎರಡು ಸ್ವರ ಹೊಂದಿದವು. ಮೂರನೆಯದು ಕಿವಿಗೆ ಚುಚ್ಚಿತು. ಕುಳಿತವರು ತಲೆ ಎತ್ತಿದರು. ಮಾಮಾ ಕೈ ನಿಲ್ಲಿಸಿದ. ಉಳಿದ ಬಿಡುವನ್ನು ಭಾವುಸಾಹೇಬರು ಪೇಟಿಯಿಂದಲೇ ತುಂಬಿ, ಒಂದು ಬೆರಳು ಎತ್ತಿ ತೋರಿಸಿದರು. ಒಂದು ತಪ್ಪು ಲೆಕ್ಕಕ್ಕೆ ಬಂತು.

ನಾನು ಪೇಟಿ ನೋಡಿದೆ. ಭಾವುಸಾಹೇಬರಿಗೆ ನೆಗಡಿ. ದನಿ ಏರದೆಂದು ಕರಿ ಒಂದಕ್ಕೆ ಇಳಿದಿದ್ದರು. “ಮಾಮಾ, ಕರಿ ಒಂದು,” ಎಂದು ಪಿಸುಗುಟ್ಟಿದೆ.

“ಚುಕ್ಕಿ ಎಲ್ಲಾ ಸುಳ್ಳ ಆದುವಲ್ಲೋ,” ಎಂದ ಮಾಮಾ. ಎರಡನೆಯ ನುಡಿ ನಡೆದಿತ್ತು.

ಪೆಂಡಾಲಿನ ಆಚೆ, ಹೊಲದಲ್ಲಿ ಮಾಮಾನ ಹೆಂಡತಿ ಹೊಳೆವ್ವ ಅತ್ತೆ ಬಲೆ ಸರಿಸುತ್ತಿದ್ದಳು. ಹಿಂದಿನ ರಾತ್ರಿ ಕುರಿ ನಿಂತ ಜಾಗ ಬಿಟ್ಟು, ಪಕ್ಕದಲ್ಲಿ ಮೊದಲ ಗೂಟ ಹೊಡೆದಳು. ಅಲ್ಲಿಂದ ಹೆಜ್ಜೆ ಎಣಿಸಿ ಎರಡನೆಯದು, ಮತ್ತೆ ಎಣಿಸಿ ಮೂರನೆಯದು. ದಿನಾ ಜಾಗ ಬೇರೆ, ಹೆಜ್ಜೆ ಅವೇ. ಮಾಮಾ ಅದನ್ನೇ ನೋಡುತ್ತಿದ್ದ.

ನುಡಿಯ ಕೊನೆಯ ಸಾಲು ಬರುವಷ್ಟರಲ್ಲಿ ಅವನು ತಂತಿಯನ್ನು ಮೆಲ್ಲಗೆ ಮೀಟಿ, ಪೇಟಿಯ ‘ಸ’ಕ್ಕೆ ಕೂಡುವ ಮನೆ ಹುಡುಕಿದ. ಎರಡನೆಯ ಮನೆ. ಅಲ್ಲಿ ಬಣ್ಣವಿರಲಿಲ್ಲ. ಮಾಮಾ ಕಣ್ಣು ಮುಚ್ಚಿದ. ಒಂದು ಬಿಟ್ಟು ಒಂದು, ಮತ್ತೆ ಒಂದು ಬಿಟ್ಟು ಒಂದು, ಎರಡು ಬಿಟ್ಟು ಒಂದು.

ಮೂರನೆಯ ಸ್ವರ ಚುಚ್ಚಲಿಲ್ಲ. ನಾಲ್ಕನೆಯದರ ಮೇಲೆ ಅವನು ತುಸು ನಿಂತ. ಆಮೇಲೆ ಇಳಿದ, ತಿರುಗಿ ಹತ್ತಿದ. ಎರಡು ತಿಂಗಳಲ್ಲಿ ನಾನು ಕೇಳದೇ ಇದ್ದದ್ದನ್ನು ಬಾರಿಸಿದ. ಭಾವುಸಾಹೇಬರು ಪಟ್ಟಿಗಳ ಮೇಲಿಂದ ಕೈ ತೆಗೆದು, “ಹಾಂ, ನಡೀಲಿ ನಡೀಲಿ!” ಎಂದರು. ಅಷ್ಟು ಉದ್ದದ ಬಿಡುವನ್ನು ಅವರು ಯಾರಿಗೂ ಕೊಟ್ಟದ್ದು ನನಗೆ ಗೊತ್ತಿಲ್ಲ.

ಊಟವಾದ ಮೇಲೆ ಮಾಮಾ ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಚುಕ್ಕೆ ಒರೆಸುತ್ತ ಕುಳಿತಿದ್ದ. ಭಾವುಸಾಹೇಬರು ಬಂದು ಪಕ್ಕದಲ್ಲೇ ಕುಳಿತರು.

“ಸೋಮವಾರ ಮುಗಳಖೋಡಕ್ಕ ಬರಬೇಕ ನೋಡ. ಪಟ್ಟಿ ಬದಲಾದ್ರ ಮೊದಲ ಹೇಳ್ತೀನಿ.”

“ಹೇಳಬ್ಯಾಡ್ರಿ,” ಎಂದ ಮಾಮಾ, ಕೊನೆಯ ಕೆಂಪನ್ನು ಉಜ್ಜುತ್ತ. “ನೀವು ಹಾಡ್ರಿ. ಗೂಟ ನಾ ಹುಡಕ್ಕೋತೇನಿ.”